ಗೆರೆ ಎಲ್ಲಿ ಜಾರಿತು?

ಮಸಗುಪ್ಪಿ ಯಾವ ತಾಲ್ಲೂಕಿನ ಊರು? ಘಟಪ್ರಭಾ ಬಯಲಿನ ಈ ಊರಲ್ಲಿ ಯಾರನ್ನೇ ಕೇಳಿದರೂ ಮೂಡಲಗಿ ಎನ್ನುತ್ತಾರೆ. 2011ರ ಜನಗಣತಿಯ ಪಟ್ಟಿ ಗೋಕಾಕ ಎನ್ನುತ್ತದೆ. ಚುನಾವಣೆ ಬಂದರೆ ಊರು ಅರಭಾವಿ ವಿಧಾನಸಭಾ ಕ್ಷೇತ್ರದ್ದು. ಶಾಲೆಯ ಲೆಕ್ಕಕ್ಕೆ ಬಂದರೆ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಮೂಡಲಗಿ ವಲಯದ್ದು. ನಾಲ್ಕೂ ಉತ್ತರ ಸರಿ.

ಈ ಉತ್ತರಗಳು ನಾಲ್ಕು ಕಚೇರಿಗಳ ನಾಲ್ಕು ಕಡತಗಳಲ್ಲಿ ಇದ್ದಷ್ಟು ದಿನ ಯಾರಿಗೂ ತೊಂದರೆಯಾಗಿರಲಿಲ್ಲ. ಕಂಪ್ಯೂಟರಿನ ಒಂದೇ ಪರದೆಯ ಮೇಲೆ ಅವು ಒಂದರ ಮೇಲೊಂದು ಬಂದು ಕೂತಾಗ ತಕರಾರು ಶುರುವಾಗುತ್ತದೆ. ಹುಡುಕಿದ ಊರು ಪಟ್ಟಿಯಲ್ಲಿ ಸಿಗುವುದಿಲ್ಲ. ಹೊಲದ ಗೆರೆ ಪಕ್ಕದವರ ಬಾವಿಯ ಮೇಲೆ ಹಾಯುತ್ತದೆ. ಎಕರೆಯ ಲೆಕ್ಕ ಉತಾರಕ್ಕೆ ತಾಳೆಯಾಗುವುದಿಲ್ಲ. ನ್ಯಾವಿಗೇಷನ್ ನಂಬಿ ಬಂದ ಗಾಡಿ ಹೊಳೆದಂಡೆಯಲ್ಲಿ ನಿಲ್ಲುತ್ತದೆ. ಆಗೆಲ್ಲ ಮೊದಲು ಬರುವ ಮಾತು ‘ಮ್ಯಾಪ್ ಕೆಟ್ಟಿದೆ’ ಎಂಬುದು.

ಕೆಟ್ಟಿರುವುದು ಏನು ಎಂದು ಹುಡುಕುತ್ತ ಹೋದರೆ ತಂತ್ರಾಂಶದ ದೋಷ ಸಿಗುವುದು ಅಪರೂಪ. ಹೆಚ್ಚಿನ ಸಲ ಸಿಗುವುದು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೆಲಸಕ್ಕೆ ತಯಾರಾದ ದಾಖಲೆಗಳ ಜಗಳ. ಹಾಗಾಗಿ ನಕ್ಷೆಯ ದುರಸ್ತಿಗೆ ಕೂತವರು ಮೊದಲು ಕೇಳಬೇಕಾದ್ದು ಒಂದೇ: ಪರದೆಯ ಮೇಲಿನ ಈ ಗೆರೆಯನ್ನು ಯಾರು, ಯಾವಾಗ, ಯಾವ ಅಳತೆಯಲ್ಲಿ ಎಳೆದರು? ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನಕ್ಷೆಗಳನ್ನೇ ಮುಂದಿಟ್ಟುಕೊಂಡು ಈ ಪ್ರಶ್ನೆ ಕೇಳಿದರೆ, ಜಗತ್ತಿನ ಎಲ್ಲ ಕಡೆ ನಕ್ಷೆ ಬಳಸುವವರನ್ನು ಕಾಡುವ ತೊಂದರೆಗಳೆಲ್ಲ ಇಲ್ಲಿಯೇ ಸಿಗುತ್ತವೆ. ಅವುಗಳಿಗೆ ಪರಿಹಾರವೂ ಸಿಗುತ್ತದೆ.

ಊರು ಸಮುದ್ರಕ್ಕೆ ಬಿದ್ದಾಗ

ಗೋಕಾಕ ಪಟ್ಟಣ ಸುಮಾರು 16.17 ಡಿಗ್ರಿ ಉತ್ತರ ಅಕ್ಷಾಂಶ, 74.83 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಈ ಎರಡು ಅಂಕಿಗಳನ್ನು ಅದಲುಬದಲು ಮಾಡಿದರೆ ಗೋಕಾಕ ಎಲ್ಲಿಗೆ ಹೋಗುತ್ತದೆ? ನಾರ್ವೆಗೂ ಉತ್ತರಕ್ಕೆ, ಬೇರ್ ದ್ವೀಪದ ಹತ್ತಿರದ ಹಿಮಸಮುದ್ರಕ್ಕೆ. ಕೆಲವು ತಂತ್ರಾಂಶಗಳು ಅಕ್ಷಾಂಶವನ್ನು ಮೊದಲು ಕೇಳುತ್ತವೆ, ಕೆಲವು ರೇಖಾಂಶವನ್ನು. ಗಣಿತದವರ ರೂಢಿಯಂತೆ ಅಡ್ಡ ಅಕ್ಷ ಮೊದಲು ಬಂದರೆ ರೇಖಾಂಶ ಮುಂದಾಗುತ್ತದೆ, ನಾವಿಕರ ರೂಢಿಯಂತೆ ಬರೆದರೆ ಅಕ್ಷಾಂಶ ಮುಂದಾಗುತ್ತದೆ. ಕರ್ನಾಟಕದ ಮಟ್ಟಿಗೆ ಪತ್ತೆ ಸುಲಭ. ಇಲ್ಲಿನ ಅಕ್ಷಾಂಶಗಳೆಲ್ಲ 11ರಿಂದ 19ರ ಒಳಗೆ, ರೇಖಾಂಶಗಳೆಲ್ಲ 74ರಿಂದ 79ರ ಒಳಗೆ ಬರುತ್ತವೆ. ಅಕ್ಷಾಂಶದ ಕಾಲಂನಲ್ಲಿ 74 ಕಂಡರೆ ಬದಲಾಗಿದೆ ಎಂದೇ ಅರ್ಥ.

ಇನ್ನೊಂದು ತಪ್ಪು ಇಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಹಳೆಯ ದಾಖಲೆಗಳು ಸ್ಥಾನವನ್ನು ಡಿಗ್ರಿ ಮತ್ತು ನಿಮಿಷದಲ್ಲಿ ಬರೆಯುತ್ತವೆ: 16 ಡಿಗ್ರಿ 10 ನಿಮಿಷ, 74 ಡಿಗ್ರಿ 50 ನಿಮಿಷ. ಇದನ್ನು ಅವಸರದಲ್ಲಿ 16.10, 74.50 ಎಂದು ತುಂಬಿದರೆ ಗೋಕಾಕ ಪಶ್ಚಿಮಕ್ಕೆ, ಘಟ್ಟದ ಕಡೆಗೆ ಸುಮಾರು 36 ಕಿಲೋಮೀಟರ್ ಸರಿಯುತ್ತದೆ. ಡಿಗ್ರಿಗೆ 60 ನಿಮಿಷ ಇರುವುದರಿಂದ 10 ನಿಮಿಷ ಎಂದರೆ 0.1667 ಡಿಗ್ರಿ, 50 ನಿಮಿಷ ಎಂದರೆ 0.8333 ಡಿಗ್ರಿ. ಊರು ಜಿಲ್ಲೆಯೊಳಗೇ ಉಳಿಯುವ ಕಾರಣ ಈ ತಪ್ಪು ವರ್ಷಗಟ್ಟಲೆ ಹಾಗೇ ಉಳಿದುಬಿಡಬಹುದು.

ಅಂಕಿಗಳೇ ಇಲ್ಲದ ಖಾಲಿ ಸಾಲುಗಳದು ಮತ್ತೊಂದು ಕತೆ. ಖಾಲಿ ಜಾಗವನ್ನು ತಂತ್ರಾಂಶ ಸೊನ್ನೆ ಎಂದು ಓದಿಕೊಂಡರೆ ಆ ಊರುಗಳೆಲ್ಲ ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯಲ್ಲಿ, ಭೂಮಧ್ಯರೇಖೆ ಮತ್ತು ಗ್ರೀನಿಚ್ ರೇಖೆ ಕೂಡುವ ಒಂದೇ ಬಿಂದುವಿನ ಮೇಲೆ ಗುಂಪಾಗಿ ಕಾಣುತ್ತವೆ. ಜಗತ್ತಿನೆಲ್ಲೆಡೆಯ ತಪ್ಪು ಅಂಕಿಗಳು ಅಲ್ಲಿ ಬಂದು ಸೇರುವುದರಿಂದ ನಕ್ಷೆಗಾರರು ಆ ಜಾಗಕ್ಕೆ ‘ನಲ್ ಐಲ್ಯಾಂಡ್’ ಎಂದು ಹೆಸರಿಟ್ಟಿದ್ದಾರೆ. ನಿಜದಲ್ಲಿ ಅಲ್ಲಿ ದ್ವೀಪವೇ ಇಲ್ಲ.

ದಶಮಾಂಶದ ಮುಂದಿನ ಸ್ಥಾನಗಳಿಗೂ ಬೆಲೆಯಿದೆ. ಎರಡೇ ಸ್ಥಾನ ಬರೆದರೆ ಆ ಬಿಂದು ಒಂದು ಕಿಲೋಮೀಟರಿನಷ್ಟು ಅಂದಾಜಿನದು. ನಾಲ್ಕು ಸ್ಥಾನಕ್ಕೆ 11 ಮೀಟರ್, ಐದಕ್ಕೆ ಸುಮಾರು ಒಂದು ಮೀಟರ್. ಶಾಲೆ, ಕೊಳವೆಬಾವಿ, ವಿದ್ಯುತ್ ಪರಿವರ್ತಕ ಗುರುತಿಸುವವರು ಐದು ಸ್ಥಾನ ಬರೆದುಕೊಂಡರೆ ಸಾಕು.

ನೂರು ಮೀಟರ್ ಆಚೆ ಹೋದ ಹೊಲ

ಅಂಕಿಗಳು ಸರಿಯಾಗಿವೆ, ಕ್ರಮವೂ ಸರಿಯಾಗಿದೆ. ಆದರೂ ಹಳೆಯ ನಕ್ಷೆಯ ರಸ್ತೆ, ಕಾಲುವೆ, ಗುಡಿ ಎಲ್ಲವೂ ಉಪಗ್ರಹ ಚಿತ್ರದಿಂದ ಒಂದೇ ದಿಕ್ಕಿಗೆ, ಒಂದೇ ದೂರಕ್ಕೆ ಸರಿದು ಕೂತಿವೆ. ಇಂಥಲ್ಲಿ ಅನುಮಾನ ಪಡಬೇಕಾದ್ದು ನಕ್ಷೆಯ ಆಧಾರಮಾನವನ್ನು, ನಕ್ಷೆಗಾರರ ಮಾತಿನಲ್ಲಿ ‘ಡೇಟಮ್’ ಅನ್ನು.

ಇದರ ಬೇರು ಹಿಂದಿದೆ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನಿಂದ ಶುರುಮಾಡಿದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಭೂಮಿಯ ಆಕಾರದ ಒಂದು ಲೆಕ್ಕ ಬೇಕಿತ್ತು. ಜಾರ್ಜ್ ಎವರೆಸ್ಟ್ 1830ರಲ್ಲಿ ಕೊಟ್ಟ ಲೆಕ್ಕವೇ ಮುಂದೆ ಭಾರತದ ಭೂಪಟಗಳಿಗೆ ಆಧಾರವಾಯಿತು. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಹಳೆಯ ಹಾಳೆಗಳು, ಗೋಕಾಕ ಬರುವ 47ಎಲ್/16 ಸಂಖ್ಯೆಯ ಹಾಳೆಯೂ ಸೇರಿ, ಇದೇ ಲೆಕ್ಕದ ಮೇಲೆ ನಿಂತಿವೆ. ಇಂದಿನ ಜಿಪಿಎಸ್ ಮತ್ತು ಆನ್‌ಲೈನ್ ನಕ್ಷೆಗಳು ಡಬ್ಲ್ಯುಜಿಎಸ್ 84 ಎಂಬ ಬೇರೊಂದು ಲೆಕ್ಕವನ್ನು ಬಳಸುತ್ತವೆ. ಭೂಮಿಯ ಕೇಂದ್ರ ಎಲ್ಲಿದೆ, ಅದರ ಉಬ್ಬು ಎಷ್ಟು ಎಂಬುದರಲ್ಲಿಯೇ ಇವೆರಡಕ್ಕೂ ವ್ಯತ್ಯಾಸವಿದೆ. ಗೋಕಾಕ ಸೀಮೆಯಲ್ಲಿ ಆ ವ್ಯತ್ಯಾಸ ನೆಲದ ಮೇಲೆ ನೂರು ಮೀಟರಿಗೂ ಹೆಚ್ಚು. ಕಬ್ಬಿನ ಹೊಲವೊಂದನ್ನು ಪೂರ್ತಿ ಪಕ್ಕದವರ ಹೆಸರಿಗೆ ತಳ್ಳಲು ಇಷ್ಟು ಸಾಕು.

ಕ್ಯೂಜಿಐಎಸ್‌ನಂಥ ಉಚಿತ ತಂತ್ರಾಂಶದಲ್ಲಿ ಇದನ್ನು ಸರಿಪಡಿಸಲು ಎರಡು ಆಯ್ಕೆಗಳಿವೆ. ಹೊಸಬರು ಎಡವುವುದು ಬಹುತೇಕ ಇಲ್ಲಿಯೇ. ಒಂದು ಆಯ್ಕೆ, ಪದರ ಯಾವ ಆಧಾರದ ಮೇಲೆ ತಯಾರಾಗಿದೆ ಎಂದು ತಂತ್ರಾಂಶಕ್ಕೆ ತಿಳಿಸುತ್ತದೆ. ಅದು ಅಂಕಿಗಳನ್ನು ಮುಟ್ಟುವುದಿಲ್ಲ. ಇನ್ನೊಂದು, ಆ ಆಧಾರದಿಂದ ಬೇರೊಂದಕ್ಕೆ ಲೆಕ್ಕ ಹಾಕಿ ಅಂಕಿಗಳನ್ನೇ ಬದಲಿಸಿ ಹೊಸ ಕಡತ ಬರೆಯುತ್ತದೆ. ಎವರೆಸ್ಟ್ ಲೆಕ್ಕದ ಹಾಳೆಗೆ ಮೊದಲನೆಯ ಆಯ್ಕೆಯಲ್ಲೇ ಡಬ್ಲ್ಯುಜಿಎಸ್ 84 ಎಂದು ಹೆಸರು ಹಚ್ಚಿದರೆ ತಪ್ಪು ಖಾಯಂ ಆಗುತ್ತದೆ. ಇರುವುದನ್ನು ಇರುವಂತೆ ಮೊದಲು ಹೇಳಬೇಕು, ಪರಿವರ್ತನೆ ಆಮೇಲೆ.

ಯಾವ ಆಧಾರ ಎಂದು ಬರೆದಿಟ್ಟಿಲ್ಲದ ಕಡತ ಕೈಗೆ ಬಂದರೆ ಅಂಕಿಗಳ ಗಾತ್ರ ನೋಡಿ ಊಹಿಸಬಹುದು. ಗೋಕಾಕದ ಆಸುಪಾಸಿನ ಬಿಂದು 74, 16 ಎಂದಿದ್ದರೆ ಅದು ಡಿಗ್ರಿ. 4,81,800 ಮತ್ತು 17,87,700ರ ಆಸುಪಾಸಿನಲ್ಲಿದ್ದರೆ ಯುಟಿಎಂ ಎಂಬ ನಕ್ಷಾ ಪ್ರಕ್ಷೇಪದ 43ನೇ ವಲಯದ ಮೀಟರ್. ಮೊದಲ ಅಂಕಿ 83 ಲಕ್ಷ, ಎರಡನೆಯದು 18 ಲಕ್ಷ ದಾಟಿದ್ದರೆ ಅದು ಆನ್‌ಲೈನ್ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್. ಇಷ್ಟು ನೆನಪಿದ್ದರೆ ಅರ್ಧ ಗೊಂದಲ ಅಲ್ಲಿಯೇ ತೀರುತ್ತದೆ.

ಆಧಾರದ ಮಾಹಿತಿ ಕಳೆದುಹೋಗುವುದಕ್ಕೆ ಒಂದು ಸಾಮಾನ್ಯ ಕಾರಣ ವಾಟ್ಸ್ಆ್ಯಪ್. ‘ಶೇಪ್‌ಫೈಲ್’ ಎಂದು ಕರೆಯುವ ನಕ್ಷೆ ಒಂದೇ ಕಡತವಲ್ಲ. ಆಕಾರಕ್ಕೆ ಒಂದು, ಸೂಚಿಗೆ ಒಂದು, ಹೆಸರು ವಿವರಗಳಿಗೆ ಒಂದು, ಆಧಾರಮಾನಕ್ಕೆ ಒಂದು, ಹೀಗೆ ಒಂದೇ ಹೆಸರಿನ ನಾಲ್ಕಾರು ಕಡತಗಳ ಕಟ್ಟು ಅದು. ಒಂದನ್ನೇ ಕಳಿಸಿದರೆ ತೆರೆಯುವುದಿಲ್ಲ, ಇಲ್ಲವೇ ಹೆಸರಿಲ್ಲದ ಬರೀ ಗೆರೆಗಳಾಗಿ ತೆರೆಯುತ್ತದೆ. ಎಲ್ಲವನ್ನೂ ಜಿಪ್ ಮಾಡಿ ಕಳಿಸುವುದು, ಅಥವಾ ಎಲ್ಲ ಒಂದರಲ್ಲೇ ಅಡಕವಾಗುವ ಜಿಯೋಪ್ಯಾಕೇಜ್ ರೂಪ ಬಳಸುವುದು ಇದಕ್ಕೆ ಪರಿಹಾರ.

ಪೆನ್ಸಿಲ್ ಗೆರೆ ನುಂಗುವ ನೆಲ

ಈ ಸೀಮೆ ಸೇರಿದ ಬೆಳಗಾವಿ ಜಿಲ್ಲೆ 1956ರ ರಾಜ್ಯ ಪುನರ್‌ವಿಂಗಡಣೆವರೆಗೆ ಮುಂಬೈ ಆಡಳಿತದಲ್ಲಿತ್ತು. ಇಲ್ಲಿನ ಸರ್ವೆ ನಂಬರುಗಳು, ಹಿಸ್ಸೆಗಳು, ಬಾಂದುಕಲ್ಲುಗಳು ಮುಂಬೈ ಭೂಮಾಪನ ಪದ್ಧತಿಯಿಂದ ಬಂದವು. 33 ಅಡಿಯ ಸರಪಳಿ ಎಳೆದು ಅಳೆದ ನೆಲ ಇದು. ಸರಪಳಿ ಉದ್ದ, ಸರಪಳಿ ಅಗಲ ಸೇರಿದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಸೇರಿದರೆ ಎಕರೆ.

ಗ್ರಾಮ ನಕ್ಷೆಗಳನ್ನು ಸಾಮಾನ್ಯವಾಗಿ 1:7,920 ಪ್ರಮಾಣದಲ್ಲಿ, ಅಂದರೆ ಮೈಲಿಗೆ ಎಂಟು ಅಂಗುಲದಂತೆ ಬರೆದರು. ಇದರಲ್ಲಿ ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು ಎಂಟು ಮೀಟರ್ ಆಗುತ್ತದೆ. ಗುಂಟೆಯ ಒಂದು ಬದಿ ಹತ್ತು ಮೀಟರ್. ಹಾಗಾಗಿ ದಪ್ಪ ಎಳೆದ ಒಂದು ಗೆರೆಯೇ ನಾಲ್ಕೈದು ಮೀಟರ್ ನೆಲವನ್ನು ಮುಚ್ಚಿಬಿಡುತ್ತದೆ. ಅಂದಿನ ಮೋಜಣಿದಾರರಿಗೆ ಇದು ತೊಡಕಾಗಲಿಲ್ಲ. ಅವರಿಗೆ ಗ್ರಾಮ ನಕ್ಷೆ ಹೊಲಗಳು ಯಾವ ಕ್ರಮದಲ್ಲಿವೆ ಎಂದು ತೋರಿಸುವ ಚಿತ್ರವಾಗಿತ್ತು. ಪ್ರತಿ ಹೊಲದ ನಿಖರ ಅಳತೆಗೆ ಟಿಪ್ಪಣಿ ಪುಸ್ತಕ ಬೇರೆ ಇತ್ತು, ಆಕಾರಬಂದ್ ಬೇರೆ ಇತ್ತು.

ಈಗ ಅದೇ ಗ್ರಾಮ ನಕ್ಷೆಯನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಹಾಸಲಾಗುತ್ತದೆ. ಕರ್ನಾಟಕದ ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯ ‘ದಿಶಾಂಕ್’ ಆ್ಯಪ್‌ನಲ್ಲಿ ರೈತ ತನ್ನ ಹೊಲದಲ್ಲಿ ನಿಂತು ಫೋನ್ ತೆರೆದರೆ ಆ ಜಾಗದ ಸರ್ವೆ ನಂಬರ್ ಕಾಣುತ್ತದೆ. ದಲ್ಲಾಳಿಯ ಮಾತನ್ನಷ್ಟೇ ನಂಬಿ ಜಮೀನು ಕೊಳ್ಳಬೇಕಿದ್ದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಉಪಕಾರ. ಸರ್ವೆ ನಂಬರ್ ಯಾವುದು, ಪಕ್ಕದಲ್ಲಿ ಹಳ್ಳವಿದೆಯೇ, ಸರ್ಕಾರಿ ಜಾಗವಿದೆಯೇ ಎಂದು ತಿಳಿಯಲು ಅದು ಬೇಕೇಬೇಕು. ಬದು ಎಲ್ಲಿ ಹಾಕಬೇಕು ಎಂಬ ತೀರ್ಮಾನಕ್ಕೆ ಮಾತ್ರ ಅದರ ಗೆರೆ ಸಾಲದು. ಗೆರೆಯ ದಪ್ಪ, ಕಾಗದದ ಕುಗ್ಗುವಿಕೆ, ಫೋನಿನ ಜಿಪಿಎಸ್ ಅಂತರ ಮೂರೂ ಸೇರಿದರೆ ಹತ್ತಾರು ಮೀಟರ್ ಆಚೀಚೆ ಆಗುವುದು ಸಹಜ. ಆ ತೀರ್ಮಾನಕ್ಕೆ ಹದ್ದುಬಸ್ತಿನ ಅರ್ಜಿ ಹಾಕಬೇಕು. ಭೂಮಾಪಕರು ಟಿಪ್ಪಣಿ ಹಿಡಿದು ಬಂದು, ಇಬ್ಬರೂ ಹೊಲದವರ ಎದುರು ಅಳೆದು ಗುರುತು ಹಾಕಿದ ಮೇಲೆಯೇ ಗಡಿ.

ಗ್ರಾಮ ನಕ್ಷೆಯನ್ನು ತಾವೇ ಕೂರಿಸುವ ವಿದ್ಯಾರ್ಥಿಗಳು, ಪಂಚಾಯಿತಿಯವರು ಗಮನಿಸಬೇಕಾದ್ದು ಹೊಂದಾಣಿಕೆಯ ಬಿಂದುಗಳನ್ನು. ಕನಿಷ್ಠ ಮೂರು ಬಿಂದು ಇದ್ದರೆ ತಂತ್ರಾಂಶ ನಕ್ಷೆಯನ್ನು ಕೂರಿಸುತ್ತದೆ, ಆದರೆ ಮೂರೇ ಕೊಟ್ಟರೆ ತಪ್ಪು ಎಷ್ಟಿದೆ ಎಂದು ಹೇಳಲು ಅದಕ್ಕೆ ದಾರಿಯಿಲ್ಲ. ಹತ್ತು ಹನ್ನೆರಡು ಬಿಂದುಗಳು ಬೇಕು, ಅವು ಊರ ನಾಲ್ಕೂ ಮೂಲೆಗೆ ಹರಡಿರಬೇಕು. ಮೂರು ಊರುಗಳ ಗಡಿ ಕೂಡುವ ಕಲ್ಲು, ಹಳೆಯ ಬಾವಿ, ಗುಡಿ, ಕಲ್ಲಿನ ಸೇತುವೆ ಒಳ್ಳೆಯ ಬಿಂದುಗಳು. ಹೊಳೆದಂಡೆ, ಮರ, ಹೊಸ ರಸ್ತೆಯ ತಿರುವು ಕೆಟ್ಟವು, ಯಾಕೆಂದರೆ ನಕ್ಷೆ ಬರೆದ ಕಾಲದಲ್ಲಿ ಅವು ಅಲ್ಲೇ ಇದ್ದವೆಂದು ಹೇಳಲಾಗದು. ನಕ್ಷೆಯನ್ನು ಎಳೆದೆಳೆದು ಪ್ರತಿ ಬಿಂದುವಿಗೂ ಕೂರಿಸುವ ಆಯ್ಕೆ ಆಕರ್ಷಕವಾಗಿ ಕಾಣುತ್ತದೆ, ಆದರೆ ಒಂದು ಬಿಂದು ತಪ್ಪಿದ್ದರೂ ಅದು ಸುತ್ತಲಿನ ಹೊಲಗಳನ್ನೆಲ್ಲ ತಿರುಚಿಬಿಡುತ್ತದೆ.

ಊರೊಳಗಿನ ಗಾವಠಾಣದ್ದು ಬೇರೆ ಸಮಸ್ಯೆ. ಕೃಷಿ ಭೂಮಿಯನ್ನು ಅಳೆದವರು ಮನೆಗಳಿರುವ ಜಾಗವನ್ನು ಒಟ್ಟಾರೆ ಒಂದು ಗೆರೆಯಲ್ಲಿ ಸುತ್ತಿ ಬಿಟ್ಟಿದ್ದರು. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಈ ಮನೆಗಳ ಗಡಿ ಗುರುತಿಸಲಾಗುತ್ತಿದೆ. ಸೆಂಟಿಮೀಟರ್ ಲೆಕ್ಕದ ಡ್ರೋನ್ ನಕ್ಷೆಯನ್ನು ಮೈಲಿಗೆ ಎಂಟು ಅಂಗುಲದ ಗ್ರಾಮ ನಕ್ಷೆಯ ಪಕ್ಕ ಇಟ್ಟಾಗ ಅಂಚುಗಳು ಕೂಡುವುದಿಲ್ಲ. ಅಲ್ಲಿ ಹಳೆಯ ಗೆರೆಗೆ ಹೊಂದಲೆಂದು ಹೊಸದನ್ನು ತಿದ್ದುವುದು ತಪ್ಪಾಗುತ್ತದೆ.

ಎಕರೆಗೆ 43ವರೆ ಗುಂಟೆ

ಉಪಗ್ರಹ ಚಿತ್ರದ ಮೇಲೆ ಹೊಲದ ಸುತ್ತ ಗೆರೆ ಎಳೆದು ವಿಸ್ತೀರ್ಣ ನೋಡುವುದು ಈಗ ಎಲ್ಲರಿಗೂ ಗೊತ್ತಿರುವ ಕೆಲಸ. ಆದರೆ ಒಂದು ಎಕರೆ ಉತಾರದ ಹೊಲ ಪರದೆಯಲ್ಲಿ ಸುಮಾರು 43ವರೆ ಗುಂಟೆ ತೋರಿಸಿದರೆ ಹಿಗ್ಗುವ ಮುನ್ನ ಯೋಚಿಸಬೇಕು.

ವೆಬ್ ಮರ್ಕೇಟರ್ ಎಂಬ ನಕ್ಷಾ ಪ್ರಕ್ಷೇಪ ಭೂಮಧ್ಯರೇಖೆಯಿಂದ ದೂರ ಹೋದಂತೆ ನೆಲವನ್ನು ಹಿಗ್ಗಿಸಿ ತೋರಿಸುತ್ತದೆ. ದಾರಿ ಹುಡುಕಲು ದಿಕ್ಕು, ತಿರುವುಗಳ ಆಕಾರ ಸರಿಯಿದ್ದರೆ ಸಾಕು, ಅದಕ್ಕಾಗಿಯೇ ಅದನ್ನು ಆರಿಸಿಕೊಂಡದ್ದು. ಘಟಪ್ರಭಾ ಬಯಲಿನ ಅಕ್ಷಾಂಶದಲ್ಲಿ ವಿಸ್ತೀರ್ಣ ಸುಮಾರು ಶೇ 9ರಷ್ಟು ಉಬ್ಬುತ್ತದೆ. ಕೆಲವು ತಂತ್ರಾಂಶಗಳು ಭೂಮಿಯ ದುಂಡನ್ನು ಲೆಕ್ಕಕ್ಕೆ ಹಿಡಿದು ಇದನ್ನು ತಾವೇ ಸರಿಪಡಿಸುತ್ತವೆ. ಕೆಲವು ಸರಿಪಡಿಸುವುದಿಲ್ಲ, ಕೆಲವರು ಆ ಆಯ್ಕೆಯನ್ನು ತಿಳಿಯದೆ ತೆಗೆದಿರುತ್ತಾರೆ. ಅಳೆಯುವ ಮುನ್ನ ಪದರವನ್ನು ಯುಟಿಎಂ 43ನೇ ವಲಯಕ್ಕೆ ಪರಿವರ್ತಿಸಿಕೊಂಡರೆ ತೊಂದರೆ ಮುಗಿಯಿತು. ಆ ವಲಯದ ನಡುಗೆರೆ 75 ಡಿಗ್ರಿ ರೇಖಾಂಶದ ಮೇಲಿದೆ, ಗೋಕಾಕ ಅದರಿಂದ ಹದಿನೆಂಟು ಕಿಲೋಮೀಟರ್ ದೂರವಷ್ಟೇ. ಅಲ್ಲಿ ಎಕರೆ ಎಕರೆಯಾಗಿಯೇ ಬರುತ್ತದೆ. ವಿಸ್ತೀರ್ಣ 0.0000003ರಂಥ ವಿಚಿತ್ರ ಅಂಕಿ ಬಂದರೆ ಚದರ ಡಿಗ್ರಿಯಲ್ಲಿ ಅಳೆದಿದ್ದೀರಿ ಎಂದು ಅರ್ಥ. ಅದಕ್ಕೂ ಮದ್ದು ಇದೇ.

ಬೆಳೆ ನೋಡಲು ಉಚಿತವಾಗಿ ಸಿಗುವ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಲ್ಲಿ ಒಂದೊಂದು ಚೌಕ ಹತ್ತು ಮೀಟರ್ ಅಗಲ, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಐದು ಎಕರೆ ಕಬ್ಬಿಗೆ ಇನ್ನೂರು ಚೌಕ ಸಿಗುತ್ತವೆ, ಚಿತ್ರ ಉಪಯೋಗಕ್ಕೆ ಬರುತ್ತದೆ. ಹತ್ತು ಗುಂಟೆ ಬದನೆಗೆ ಹತ್ತೇ ಚೌಕ, ಅವುಗಳಲ್ಲಿ ಅರ್ಧಕ್ಕೆ ಪಕ್ಕದ ಬೆಳೆ ಬೆರೆತಿರುತ್ತದೆ.

ಹೆಸರು ಸಿಗದ ಊರು

ತಾಲ್ಲೂಕಿನ ಗೊಂದಲಕ್ಕೆ ಕಾರಣ ಸರಳ. ಮೂಡಲಗಿ ಹೊಸ ತಾಲ್ಲೂಕಾದದ್ದು 2018ರ ಸುಮಾರಿಗೆ. ಅದಕ್ಕೂ ಮೊದಲಿನ 2011ರ ಜನಗಣತಿಯ ಜಿಲ್ಲಾ ನಕ್ಷೆಯಲ್ಲಿ ಹತ್ತೇ ತಾಲ್ಲೂಕುಗಳು. ಅವುಗಳಲ್ಲಿ ಬೈಲಹೊಂಗಲ ‘ಸಂಪಗಾಂವ’ ಎಂದೂ ಸವದತ್ತಿ ‘ಪರಸಗಡ’ ಎಂದೂ ಹಳೆಯ ಹೆಸರಿನಲ್ಲೇ ಇವೆ. ಜಿಲ್ಲೆಯ ಹೆಸರೇ 2014ರ ನವೆಂಬರ್ 1ರಂದು ಬೆಳಗಾವಿ ಆಯಿತು. ಇಂದಿನ ಶಾಲಾ ಪಟ್ಟಿಯನ್ನೋ ಆಸ್ಪತ್ರೆ ಪಟ್ಟಿಯನ್ನೋ ಆ ನಕ್ಷೆಗೆ ಹೆಸರಿನ ಮೂಲಕ ಜೋಡಿಸಿದರೆ ಮೂಡಲಗಿ, ನಿಪ್ಪಾಣಿ, ಕಾಗವಾಡ, ಕಿತ್ತೂರಿನ ಊರುಗಳೆಲ್ಲ ಖಾಲಿ ಬಿಳಿ ಮಚ್ಚೆಗಳಾಗಿ ಉಳಿಯುತ್ತವೆ. ನೋಡಿದವರಿಗೆ ಅಲ್ಲಿ ಶಾಲೆಯೇ ಇಲ್ಲ ಎನ್ನಿಸುತ್ತದೆ.

ಹೆಸರನ್ನು ನಂಬಿ ಜೋಡಿಸುವುದೇ ಇಲ್ಲಿನ ಮೂಲ ತಪ್ಪು. ಇಂಗ್ಲಿಷ್ ಅಕ್ಷರದಲ್ಲಿ ಮಸಗುಪ್ಪಿಯ ಹೆಸರನ್ನು ಮೂರ್ನಾಲ್ಕು ಬಗೆಯಲ್ಲಿ ಬರೆಯಬಹುದು, ಮೂಡಲಗಿ, ಹುಕ್ಕೇರಿ, ಲೋಳಸೂರಿನ ಪಾಡೂ ಅದೇ. ಹುಣಶ್ಯಾಳ ಎಂಬ ಹೆಸರಿನ ಊರು ಈ ಸೀಮೆಯಲ್ಲೇ ಎರಡಿವೆ, ಒಂದು ಪಿ.ಜಿ., ಇನ್ನೊಂದು ಪಿ.ವೈ. ಘಟಪ್ರಭಾ ಎಂದರೆ ನದಿಯೂ ಹೌದು, ಪಟ್ಟಣವೂ ಹೌದು, ರೈಲು ನಿಲ್ದಾಣವೂ ಹೌದು. ಗೋಕಾಕ ರೋಡ್ ನಿಲ್ದಾಣ ಗೋಕಾಕ ಊರಿಂದ ಹಲವು ಕಿಲೋಮೀಟರ್ ದೂರ. ಪ್ರತಿ ಊರಿಗೂ ಜನಗಣತಿಯ ಸಂಕೇತ ಸಂಖ್ಯೆ ಇದೆ, ಕೇಂದ್ರ ಸರ್ಕಾರದ ಸ್ಥಳೀಯ ಸರ್ಕಾರಗಳ ಕೋಶದಲ್ಲೂ ಒಂದು ಸಂಖ್ಯೆ ಇದೆ. ತಾಲ್ಲೂಕು ಬದಲಾದರೂ ಊರನ್ನು ಹಿಡಿದುಕೊಡುವುದು ಆ ಸಂಖ್ಯೆ.

ಸಂಖ್ಯೆಗಳನ್ನೂ ಕಾಯಬೇಕು. ಸರ್ವೆ ನಂಬರ್ 5/2 ಎಂದು ಎಕ್ಸೆಲ್‌ನಲ್ಲಿ ತುಂಬಿದರೆ ಅದು ತಾರೀಖು ಎಂದುಕೊಂಡು ಫೆಬ್ರವರಿ 5 ಎಂದೋ ಮೇ 2 ಎಂದೋ ಬದಲಿಸಿಬಿಡುತ್ತದೆ. ಉಳಿಸಿ ಮುಚ್ಚಿದ ಮೇಲೆ ಮೂಲ ಹಿಸ್ಸೆ ಯಾವುದೆಂದು ಹೇಳುವುದು ಕಷ್ಟ. ಇದೇ ತೊಂದರೆಯಿಂದ ಬೇಸತ್ತು 2020ರಲ್ಲಿ ವಿಜ್ಞಾನಿಗಳು ಮನುಷ್ಯನ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಿದರು, ತಿಂಗಳ ಹೆಸರಿನಂತೆ ಕಾಣುತ್ತಿದ್ದ ಅವನ್ನು ಎಕ್ಸೆಲ್ ತಾರೀಖು ಮಾಡುತ್ತಿತ್ತು. ರೈತರ ಸರ್ವೆ ನಂಬರುಗಳನ್ನು ಹಾಗೆ ಬದಲಿಸಲಾಗದು. ತುಂಬುವ ಮೊದಲೇ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಗುರುತಿಸಿಕೊಳ್ಳಬೇಕು.

ಕನ್ನಡದಲ್ಲಿ ಹೆಸರು ಬರೆಯುವವರಿಗೆ ಇನ್ನೂ ಎರಡು ಎಡರು ಎದುರಾಗುತ್ತವೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಪಟ್ಟಿ ನಕ್ಷೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಇನ್ನು ಶೇಪ್‌ಫೈಲ್ 1990ರ ದಶಕದ ಆರಂಭದ ರೂಪ. ಅದರಲ್ಲಿ ಕಾಲಂ ಹೆಸರಿಗೆ ಹತ್ತೇ ಬೈಟ್ ಜಾಗ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕು. ‘ಮಸಗುಪ್ಪಿ’ ಎಂಬ ಪದ, ಗುಣಿತ ಒತ್ತುಗಳ ಚಿಹ್ನೆ ಸೇರಿ, 24 ಬೈಟ್ ಆಗುತ್ತದೆ. ಜಾಗ ಸಾಲದೆ ಹೆಸರು ನಡುವೆ ಕತ್ತರಿಸಿ, ಕೊನೆಯ ಅಕ್ಷರ ಪ್ರಶ್ನಾರ್ಥಕ ಚಿಹ್ನೆಯಾಗುವುದು ಇದರಿಂದಲೇ. ಜಿಯೋಪ್ಯಾಕೇಜ್‌ನಲ್ಲಿ ಈ ಕಟ್ಟುಪಾಡಿಲ್ಲ.

ನೀಲಿ ಚುಕ್ಕೆಯ ಅಲೆದಾಟ

ಫೋನಿನಲ್ಲಿ ನಾವು ನಿಂತ ಜಾಗ ತೋರಿಸುವ ನೀಲಿ ಚುಕ್ಕೆಯ ಸುತ್ತ ತಿಳಿನೀಲಿ ವೃತ್ತವೊಂದಿರುತ್ತದೆ. ನಾವು ಆ ವೃತ್ತದೊಳಗೆ ಎಲ್ಲೋ ಇದ್ದೇವೆ ಎಂದು ಫೋನ್ ಹೇಳುತ್ತಿದೆ, ಚುಕ್ಕೆಯ ಮೇಲೆಯೇ ಇದ್ದೇವೆ ಎಂದಲ್ಲ. ಬಯಲಿನಲ್ಲಿ ಒಳ್ಳೆಯ ಫೋನ್ ಐದು ಮೀಟರಿನ ಆಸುಪಾಸು ಹಿಡಿಯುತ್ತದೆ. ವೃತ್ತ ದೊಡ್ಡದಾಗಿದ್ದರೆ ಫೋನ್ ಉಪಗ್ರಹ ಬಿಟ್ಟು ಮೊಬೈಲ್ ಟವರಿನ ಅಂದಾಜಿನ ಮೇಲೆ ನಡೆಯುತ್ತಿರುತ್ತದೆ. ಹಳ್ಳಿಗಳಲ್ಲಿ ಟವರುಗಳು ದೂರ ದೂರ ಇರುವ ಕಾರಣ ಅಂದಾಜು ಕಿಲೋಮೀಟರುಗಟ್ಟಲೆ ತಪ್ಪಬಹುದು. ಬ್ಯಾಟರಿ ಉಳಿಸುವ ಆಯ್ಕೆ ತೆಗೆದು, ಆ್ಯಪ್‌ಗೆ ನಿಖರ ಸ್ಥಳದ ಅನುಮತಿ ಕೊಟ್ಟು, ಛಾವಣಿಯ ಹೊರಗೆ ಬಂದು ಒಂದೆರಡು ನಿಮಿಷ ನಿಂತರೆ ಬಹುತೇಕ ಸರಿಹೋಗುತ್ತದೆ.

ಜಿಪಿಎಸ್‌ಗೆ ಇಂಟರ್ನೆಟ್ ಬೇಡ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಸ್ಥಾನ ಸಿಗುತ್ತದೆ. ಇಂಟರ್ನೆಟ್ ಬೇಕಾಗುವುದು ಹಿನ್ನೆಲೆಯ ಚಿತ್ರಕ್ಕೆ, ಮತ್ತು ಉಪಗ್ರಹಗಳು ಎಲ್ಲಿವೆ ಎಂಬ ಪಟ್ಟಿಯನ್ನು ಬೇಗ ಪಡೆಯುವುದಕ್ಕೆ. ನೆಟ್‌ವರ್ಕ್ ಇಲ್ಲದಾಗ ಆ ಪಟ್ಟಿ ಪೂರ್ತಿಯಾಗಿ ಉಪಗ್ರಹದಿಂದಲೇ ಇಳಿಯಲು 12 ನಿಮಿಷ ಮೀರುತ್ತದೆ. ಅಷ್ಟರೊಳಗೆ ತಾಳ್ಮೆಗೆಟ್ಟು ಫೋನ್ ಮುಚ್ಚಿದವರೇ ಹೆಚ್ಚು. ಊರಿನ ನಕ್ಷೆಯನ್ನು ಮನೆಯಲ್ಲೇ ಆಫ್‌ಲೈನ್ ಇಳಿಸಿಕೊಂಡು ಹೊರಡುವುದು ಲೇಸು. ಗೋಕಾಕ ಜಲಪಾತದ ಕಣಿವೆಯಂಥ ಕಡೆ ಸಂಕೇತ ಬಂಡೆಗೆ ಬಡಿದು ಸುತ್ತಿ ಬರುವುದರಿಂದ ಚುಕ್ಕೆ ಜಿಗಿಯುತ್ತದೆ. ಬಯಲಿಗೆ ಬಂದರೆ ತಾನೇ ನಿಲ್ಲುತ್ತದೆ.

ಹೊಳೆ ಬಂದಾಗ

ಇಲ್ಲಿಯವರೆಗಿನ ತಪ್ಪುಗಳಿಂದ ಹೋಗುವುದು ಹೊತ್ತು ಮತ್ತು ಹಣ. ದಾರಿ ತೋರಿಸುವ ನಕ್ಷೆ ತಪ್ಪಿದರೆ ಪ್ರಾಣವೇ ಹೋಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ರಾತ್ರಿ ಮಳೆಯಲ್ಲಿ ಹೊರಟ ಇಬ್ಬರು ಯುವ ವೈದ್ಯರು ಕಾರು ಸಮೇತ ಹೊಳೆಗೆ ಬಿದ್ದು ತೀರಿಕೊಂಡರು. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ರಾಮಗಂಗಾ ನದಿಯ ಅಪೂರ್ಣ ಸೇತುವೆಯಿಂದ ಕಾರು ಕೆಳಗುರುಳಿ ಮೂವರು ಸತ್ತರು. ಎರಡೂ ಕಡೆ ಅವರು ನ್ಯಾವಿಗೇಷನ್ ನೋಡಿಕೊಂಡು ಹೋಗುತ್ತಿದ್ದರೆಂದು ವರದಿಯಾಯಿತು.

ಘಟಪ್ರಭಾ ಬಯಲಿನವರಿಗೆ ಈ ಎಚ್ಚರ ಬೇರೆಯವರಿಗಿಂತ ಹೆಚ್ಚು ಬೇಕು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ಸಾಮರ್ಥ್ಯ 51 ಟಿಎಂಸಿ ಅಡಿ. ಘಟ್ಟದಲ್ಲಿ ಮಳೆ ಜೋರಾದಾಗ ಅಲ್ಲಿಂದ ಬಿಡುವ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರೂ ಕೂಡುತ್ತದೆ. 2019ರ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣದ ಓಣಿಗಳಿಗೇ ನೀರು ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. 2024ರ ಜುಲೈಯಲ್ಲೂ ಅದೇ ಸೇತುವೆ ನೀರಿನಡಿ ಹೋಯಿತು. ಕೆಳಗಿನ ಸುಣಧೋಳಿ, ಅವರಾದಿಯಂಥ ಊರುಗಳ ಸೇತುವೆಗಳದೂ ಮಳೆಗಾಲದಲ್ಲಿ ಇದೇ ಕತೆ. ನಕ್ಷೆಯಲ್ಲಿ ಮಾತ್ರ ಅವು ಹನ್ನೆರಡು ತಿಂಗಳೂ ತೆರೆದ ದಾರಿಗಳು.

ದಾರಿ ಹುಡುಕುವ ತಂತ್ರಾಂಶ ರಸ್ತೆಯನ್ನು ಬಿಂದು ಮತ್ತು ಗೆರೆಗಳ ಬಲೆಯಾಗಿ ನೋಡುತ್ತದೆ. ಸೇತುವೆಯ ಗೆರೆ ಎರಡೂ ದಂಡೆಯ ರಸ್ತೆಗೆ ತಾಗಿದ್ದರೆ ದಾರಿ ಉಂಟು, ಒಂದು ಕೂದಲೆಳೆಯಷ್ಟು ಬಿಟ್ಟಿದ್ದರೆ ಇಲ್ಲ. ಸೇತುವೆ ಇದ್ದೂ ಇಪ್ಪತ್ತು ಕಿಲೋಮೀಟರ್ ಸುತ್ತು ತೋರಿಸಿದರೆ ಆ ಕೂಡುಬಿಂದು ನೋಡಬೇಕು. ಹೊಲದ ಬಂಡಿದಾರಿಯನ್ನೋ ಕೆನಾಲ್ ಏರಿಯನ್ನೋ ಯಾರಾದರೂ ಡಾಂಬರು ರಸ್ತೆ ಎಂದು ಗುರುತಿಸಿದ್ದರೆ ಕಾರು ಕಬ್ಬಿನ ನಡುವೆ ಸಿಕ್ಕಿಕೊಳ್ಳುತ್ತದೆ. ವಾಹನ ದಟ್ಟಣೆ ನೋಡಿ ರಸ್ತೆ ಬಂದ್ ಆಗಿದೆ ಎಂದು ಊಹಿಸುವ ಆ್ಯಪ್‌ಗಳಿಗೂ ಓಡಾಟ ಕಡಿಮೆಯಿರುವ ಹಳ್ಳಿ ರಸ್ತೆಯಲ್ಲಿ ಸುಳಿವು ಸಿಗುವುದಿಲ್ಲ.

ನೀರಿನ ಗೆರೆಯೂ ಕಾಲಕ್ಕೆ ತಕ್ಕಂತೆ ಸರಿಯುತ್ತದೆ. ಹಿಡಕಲ್ ಹಿನ್ನೀರಿನಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲ ಗುಡಿ ಬೇಸಿಗೆಯಲ್ಲಿ ನೀರಿಳಿದಾಗ ಮೇಲೆದ್ದು ಕಾಣುತ್ತದೆ. ಮಳೆಗಾಲದ ಚಿತ್ರದಿಂದ ಬರೆದ ನಕ್ಷೆಯಲ್ಲಿ ಅದು ಕೆರೆಯ ನಡುವೆ ಇದೆ, ಏಪ್ರಿಲ್ ಚಿತ್ರದಲ್ಲಿ ಒಣನೆಲದ ಮೇಲೆ. ಉಪಗ್ರಹ ಚಿತ್ರ ತೆಗೆದ ತಾರೀಖು ನೋಡದೆ ಎರಡರಲ್ಲಿ ಒಂದನ್ನು ತಪ್ಪೆನ್ನಲಾಗದು.

ತಿದ್ದುವ ಕೆಲಸ ಯಾರದು?

ತೋಟದ ವಸ್ತಿಗಳು ಈ ಸೀಮೆಯ ವೈಶಿಷ್ಟ್ಯ. ಊರಿಂದ ಎರಡು ಮೂರು ಕಿಲೋಮೀಟರ್ ದೂರ, ಹೊಲದಲ್ಲೇ ಮನೆ ಕಟ್ಟಿಕೊಂಡ ಕುಟುಂಬಗಳು ಅಲ್ಲಿವೆ. ಅವುಗಳ ಹೆಸರು ಯಾವ ನಕ್ಷೆಯಲ್ಲೂ ಸಿಗುವುದು ಅಪರೂಪ. ರಾತ್ರಿ ಹೆರಿಗೆ ನೋವು ಬಂದು 108ಕ್ಕೆ ಕರೆ ಮಾಡಿದರೆ ‘ಕೆನಾಲ್ ದಾಟ್ರಿ, ಬಾವಿ ಹತ್ರ ಎಡಕ್ಕ ಹೊಳ್ರಿ’ ಎಂದು ಬಾಯಲ್ಲೇ ದಾರಿ ಹೇಳಬೇಕು. ಕತ್ತಲಲ್ಲಿ ಎಲ್ಲ ಕೆನಾಲೂ ಒಂದೇ, ಎಲ್ಲ ಬಾವಿಯೂ ಒಂದೇ.

ಈ ಕೊರತೆ ತುಂಬಲು ಬೆಂಗಳೂರಿನಿಂದ ಯಾರೂ ಬರಬೇಕಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಅದರಲ್ಲಿ ಊರಿನ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಪ್ರತ್ಯೇಕವಾಗಿ ಬರೆಯಬಹುದು, ಬೇರೆ ರೂಢಿಯ ಹೆಸರುಗಳನ್ನೂ ಸೇರಿಸಬಹುದು, ರಸ್ತೆಯ ತುಂಡೊಂದು ಪ್ರವಾಹಕ್ಕೆ ತುತ್ತಾಗುತ್ತದೆ ಎಂದು ಗುರುತಿಸಬಹುದು. ಗೂಗಲ್ ಮ್ಯಾಪ್ಸ್‌ನಲ್ಲೂ ತಿದ್ದುಪಡಿ ಸೂಚಿಸುವ ಆಯ್ಕೆಯಿದೆ, ಅಲ್ಲಿ ಪರಿಶೀಲನೆ ಮುಗಿಯುವವರೆಗೆ ಕಾಯಬೇಕು. ಹೆಸರಿಲ್ಲದ ವಸ್ತಿಗೆ ‘ಪ್ಲಸ್ ಕೋಡ್’ ಎಂಬ ಪುಟ್ಟ ಸ್ಥಳ ಸಂಕೇತ ಉಚಿತವಾಗಿ ಸಿಗುತ್ತದೆ, ಅದನ್ನು ಬಾಗಿಲ ಮೇಲೆ ಬರೆದಿಟ್ಟುಕೊಂಡರೆ ಫೋನಿನಲ್ಲಿ ಓದಿ ಹೇಳಬಹುದು. ಸರ್ವೆ ನಂಬರಿನ ಗಡಿ, ಉತಾರದ ವಿಸ್ತೀರ್ಣ ತಪ್ಪಿದ್ದರೆ ಈ ಯಾವ ನಕ್ಷೆಯಲ್ಲಿ ತಿದ್ದಿದರೂ ಉಪಯೋಗವಿಲ್ಲ. ಅದಕ್ಕೆ ತಹಶೀಲ್ದಾರ್ ಕಚೇರಿ ಮತ್ತು ಭೂಮಾಪನ ಇಲಾಖೆಗೇ ಅರ್ಜಿ ಕೊಡಬೇಕು.

ಗೋಕಾಕ, ಮೂಡಲಗಿ, ಹುಕ್ಕೇರಿಯ ಪದವಿ ಕಾಲೇಜುಗಳ ಭೂಗೋಳ ವಿದ್ಯಾರ್ಥಿಗಳಿಗೆ ಪ್ರಾಯೋಗಿಕ ಕೆಲಸವಾಗಿ ಒಂದೊಂದು ಪಂಚಾಯಿತಿಯನ್ನು ಕೊಟ್ಟರೆ, ಮುಂಗಾರು ಬರುವ ಮೊದಲು ಮೇ ತಿಂಗಳಲ್ಲೇ ಈ ಕೊರತೆ ತುಂಬುವ ಕೆಲಸ ಮುಗಿಯುತ್ತದೆ. ಮುಳುಗುವ ಸೇತುವೆಗಳು, ಅವುಗಳಿಗೆ ಬದಲಿ ದಾರಿ, ವಸ್ತಿಗಳ ಹೆಸರು, ಆರೋಗ್ಯ ಕೇಂದ್ರ, ಪ್ರವಾಹದಲ್ಲಿ ಕಾಳಜಿ ಕೇಂದ್ರವಾಗುವ ಶಾಲೆ: ಐದು ದಶಮಾಂಶ ಸ್ಥಾನದ ಅಂಕಿ, ಊರಿನ ಸಂಕೇತ ಸಂಖ್ಯೆ, ಯೂನಿಕೋಡ್ ಕನ್ನಡದ ಹೆಸರು, ಗುರುತಿಸಿದ ತಾರೀಖು ಇವಿಷ್ಟಿದ್ದರೆ ಆ ಪಟ್ಟಿಯನ್ನು ಯಾವ ತಂತ್ರಾಂಶವೂ ಓದುತ್ತದೆ. ಒಂದು ಪ್ರತಿ ಪಂಚಾಯಿತಿಗೆ, ಒಂದು ತಾಲ್ಲೂಕು ಕಚೇರಿಗೆ, ಒಂದು 108ರ ಚಾಲಕರಿಗೆ ತಲುಪಬೇಕು. ಹೊಳೆ ಇಳಿದ ಮೇಲೆ ಅದೇ ವಿದ್ಯಾರ್ಥಿಗಳು ಮತ್ತೊಮ್ಮೆ ಹೋಗಿ, ಎಲ್ಲಿಯವರೆಗೆ ನೀರು ಬಂದಿತ್ತು ಎಂದು ಊರವರನ್ನು ಕೇಳಿ ಬರೆದುಕೊಳ್ಳಬೇಕು.